ನೆನಪು ಅಳಿಯಿತೋ, ನರಜಾಲವೇ ಮೌನವಾಯಿತೋ?

1960ರ ದಶಕದಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಬರ್ನಾರ್ಡ್ ಅಗ್ರಾನಾಫ್ ಮತ್ತು ಸಂಗಡಿಗರು ಗೋಲ್ಡ್‌ಫಿಶ್‌ಗಳಿಗೆ ಒಂದು ಪಾಠ ಕಲಿಸುತ್ತಿದ್ದರು. ಒಂದು ತೊಟ್ಟಿ, ನಡುವೆ ಗಿಡ್ಡನೆಯ ತಡೆ. ಒಂದು ಬದಿಯಲ್ಲಿ ದೀಪ ಹೊತ್ತಿಕೊಂಡ ಸ್ವಲ್ಪ ಹೊತ್ತಿಗೆ ಆ ಬದಿಯ ನೀರಿನಲ್ಲಿ ಸಣ್ಣದೊಂದು ವಿದ್ಯುತ್ ಶಾಕ್. ದೀಪ ಕಂಡೊಡನೆ ತಡೆ ದಾಟಿ ಆಚೆಗೆ ಈಜಿದರೆ ಮೀನು ಬಚಾವು. ಕೆಲವು ಸುತ್ತುಗಳಲ್ಲೇ ಮೀನುಗಳು ಇದನ್ನು ಕಲಿಯುತ್ತಿದ್ದವು, ದಿನಗಳು ಕಳೆದರೂ ಮರೆಯುತ್ತಿರಲಿಲ್ಲ. ಆದರೆ ಪಾಠ ಮುಗಿದ ತಕ್ಷಣ ತಲೆಬುರುಡೆಯೊಳಕ್ಕೆ ಪ್ಯೂರೊಮೈಸಿನ್ ಎಂಬ ಮದ್ದನ್ನು ಚುಚ್ಚಿದರೆ, ಕೆಲವು ದಿನಗಳ ನಂತರ ಆ ಮೀನು ಏನನ್ನೂ ಕಲಿಯದ ಮೀನಿನಂತೆಯೇ ವರ್ತಿಸುತ್ತಿತ್ತು. ಅದೇ ಮದ್ದನ್ನು ಒಂದು ಗಂಟೆ ತಡಮಾಡಿ ಕೊಟ್ಟರೆ ನೆನಪಿಗೆ ಧಕ್ಕೆಯಿಲ್ಲ.

ಪ್ಯೂರೊಮೈಸಿನ್ ಪ್ರೋಟೀನ್ ತಯಾರಿಕೆಯನ್ನು ತಡೆಯುವ ಮದ್ದು. ಕೋಶದ ರೈಬೋಸೋಮ್‌ಗಳಲ್ಲಿ ಅಮೈನೊ ಆಮ್ಲಗಳು ಒಂದಕ್ಕೊಂದು ಸೇರಿ ಪ್ರೋಟೀನ್ ಸರಪಳಿಯಾಗುತ್ತಿರುವಾಗ ಅದು ನಡುವೆ ನುಸುಳಿ ಸರಪಳಿಯನ್ನು ಅರ್ಧಕ್ಕೇ ಕಡಿದುಬಿಡುತ್ತದೆ. 1963ರಲ್ಲೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲೂಯಿಸ್ ಫ್ಲೆಕ್ಸ್‌ನರ್ ತಂಡ ಇಲಿಗಳ ಮೆದುಳಿಗೆ ಇದನ್ನು ಚುಚ್ಚಿ, ಕಲಿತದ್ದು ಅಳಿಸಿಹೋಗುವುದನ್ನು ತೋರಿಸಿತ್ತು. ಇಂಥ ಪ್ರಯೋಗಗಳಿಂದ ಹುಟ್ಟಿದ ತೀರ್ಮಾನ ಇವತ್ತಿಗೂ ಪಠ್ಯಪುಸ್ತಕಗಳಲ್ಲಿದೆ: ಅಲ್ಪಕಾಲದ ನೆನಪಿಗೆ ಇರುವ ಪ್ರೋಟೀನುಗಳೇ ಸಾಕು, ದೀರ್ಘಕಾಲದ ನೆನಪಿಗೆ ಹೊಸ ಪ್ರೋಟೀನ್ ಬೇಕು.

ಈ ಮಾತು ಸುಳ್ಳಲ್ಲ. ಆದರೆ ಅದರ ಹಿಂದೆ ನಮ್ಮ ಮನಸ್ಸಿನಲ್ಲಿ ಕೂತಿರುವ ಚಿತ್ರ ಅರೆಬರೆಯದು. ನರಜಾಲ ಮೊದಲು ಕೆಲಸ ಮಾಡುತ್ತದೆ, ಪ್ರೋಟೀನ್ ಹಿಂದಿನಿಂದ ಬಂದು ಅದನ್ನು ದಾಖಲಿಸುತ್ತದೆ ಎಂದು ನಾವು ತಿಳಿದಿದ್ದೇವೆ. ಕಳೆದ ಎರಡು ದಶಕಗಳ ಸಂಶೋಧನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸಂಬಂಧ ಎರಡೂ ಕಡೆಯಿಂದ ಇದೆ. ಜಾಲದ ಚಟುವಟಿಕೆ ಪ್ರೋಟೀನ್ ತಯಾರಿಕೆಯನ್ನು ಏರಿಳಿಸುತ್ತದೆ. ಪ್ರೋಟೀನ್ ತಯಾರಿಕೆ ಆ ಜಾಲ ಆ ಹೊತ್ತಿನಲ್ಲಿ ಚಟುವಟಿಕೆಯಿಂದ ಇರಬಲ್ಲದೇ ಎಂಬುದನ್ನೇ ನಿರ್ಧರಿಸುತ್ತದೆ. ಈ ಎರಡನೆಯ ಅರ್ಧವನ್ನು ಬದಿಗಿಟ್ಟಿದ್ದಕ್ಕೆ ನಾವು ತೆತ್ತಿರುವ ಬೆಲೆ ಸಣ್ಣದಲ್ಲ. ಅದು ಪ್ರಯೋಗಗಳ ಅರ್ಥದಲ್ಲೂ ಕಾಣುತ್ತದೆ, ಸೋತ ಔಷಧಗಳಲ್ಲೂ ಕಾಣುತ್ತದೆ.

ಮದ್ದು ಚುಚ್ಚಿದಾಗ ಅಲೆಗಳಿಗೇನಾಯಿತು?

ಅನುಮಾನ ಹೊಸದಲ್ಲ. 1966ರಲ್ಲಿಯೇ ಹ್ಯಾರಿ ಕೋಹೆನ್, ಸ್ಯಾಮ್ಯುಯೆಲ್ ಬರಾಂಡೆಸ್ ಮತ್ತಿತರರು ಪ್ಯೂರೊಮೈಸಿನ್ ಕೊಟ್ಟ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ವಿದ್ಯುತ್ ಚಟುವಟಿಕೆ ಅಸಹಜವಾಗುವುದನ್ನು ಗಮನಿಸಿದ್ದರು. ನೆನಪನ್ನು ಕಟ್ಟುವುದರಲ್ಲಿ ಮುಖ್ಯ ಪಾತ್ರ ವಹಿಸುವ ಭಾಗವೇ ಹಿಪ್ಪೊಕ್ಯಾಂಪಸ್. ಅಲ್ಲಿನ ಲಯವೇ ಕೆಟ್ಟಿದ್ದರೆ ಇಲಿ ಮರೆತದ್ದು ಪ್ರೋಟೀನ್ ಇಲ್ಲದ್ದಕ್ಕೋ, ಲಯ ಕೆಟ್ಟದ್ದಕ್ಕೋ? ಸೈಕ್ಲೋಹೆಕ್ಸಿಮೈಡ್ ಎಂಬ ಇನ್ನೊಂದು ತಡೆಮದ್ದಿನಲ್ಲಿ ಅಂಥ ಅಸಹಜತೆ ಅವರಿಗೆ ಕಾಣಲಿಲ್ಲ. ಹಾಗಾಗಿ ಸಂಶೋಧಕರು ಮದ್ದು ಬದಲಿಸಿದರು, ಪ್ರಶ್ನೆಯನ್ನು ಕೈಬಿಟ್ಟರು. ಮುಂದಿನ ದಶಕಗಳಲ್ಲಿ ಅನಿಸೊಮೈಸಿನ್ ಎಂಬ ಮದ್ದು ನೆನಪಿನ ಪ್ರಯೋಗಾಲಯಗಳ ಮಾಮೂಲಿ ಸಾಧನವಾಯಿತು.

2007ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಪಾಲ್ ಗೋಲ್ಡ್ ತಂಡ ಆ ಹಳೆಯ ಪ್ರಶ್ನೆಯನ್ನು ಮತ್ತೆ ಎತ್ತಿತು. ಭಯದ ನೆನಪಿಗೆ ಕೇಂದ್ರವಾದ ಅಮಿಗ್ಡಲಾಕ್ಕೆ ಅನಿಸೊಮೈಸಿನ್ ಬಿಟ್ಟರೆ ಅಲ್ಲಿ ನಾರ್ಎಪಿನೆಫ್ರಿನ್, ಡೋಪಮೈನ್, ಸಿರೊಟೊನಿನ್ ಎಂಬ ನರಸಂದೇಶದ ರಾಸಾಯನಿಕಗಳು ಒಮ್ಮೆಗೇ ವಿಪರೀತವಾಗಿ ಬಿಡುಗಡೆಯಾಗುತ್ತವೆ ಎಂದು ಅವರು ಅಳೆದು ತೋರಿಸಿದರು. 2012ರಲ್ಲಿ ಬಂದದ್ದು ಇನ್ನೂ ದೊಡ್ಡ ಪೆಟ್ಟು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಕ್ಲೇಟನ್ ಡಿಕ್ಸನ್ ತಂಡ ಅರಿವಳಿಕೆ ಕೊಟ್ಟ ಇಲಿಗಳ ಹಿಪ್ಪೊಕ್ಯಾಂಪಸ್‌ಗೆ ಅನಿಸೊಮೈಸಿನ್ ಹನಿಸಿ, ಪಕ್ಕದಲ್ಲೇ ವಿದ್ಯುದಾಗ್ರ ಇಟ್ಟು ಅಲೆಗಳನ್ನು ದಾಖಲಿಸಿತು. ಮೊದಲು ಚೆನ್ನಾಗಿ ಏರಿಳಿಯುತ್ತಿದ್ದ ಅಲೆಗಳು ಕ್ರಮೇಣ ಸಣ್ಣಗಾಗಿ ಚಪ್ಪಟೆಯಾಗತೊಡಗಿದವು. ಹೊರಗಿನಿಂದ ಪ್ರಚೋದಿಸಿದರೂ ಉತ್ತರ ದುರ್ಬಲ. ಪ್ರೋಟೀನ್ ತಯಾರಿಕೆ ಎಷ್ಟು ಹೆಚ್ಚು ಕುಗ್ಗಿತೋ ಚಟುವಟಿಕೆಯೂ ಅಷ್ಟೇ ಹೆಚ್ಚು ಕುಗ್ಗಿತು. ನರಕೋಶಗಳ ಬಾಯಿ ಕಟ್ಟುವ ಮದ್ದು ಕೊಟ್ಟಾಗ ಆಗುವಂಥ ಮೌನವೇ ಅದು.

ಇದರ ಅರ್ಥವನ್ನು ಸ್ವಲ್ಪ ಯೋಚಿಸಿ. ಊರಿಗೆಲ್ಲ ಕರೆಂಟು ತೆಗೆದು, ಹಿಟ್ಟು ಬೀಳದ್ದನ್ನು ನೋಡಿ ಗಿರಣಿಯ ಕಲ್ಲು ಸವೆದಿದೆ ಎಂದು ತೀರ್ಮಾನಿಸಿದ ಹಾಗಾಯಿತು. ಕಲ್ಲು ಸವೆದೂ ಇರಬಹುದು. ಆದರೆ ಆ ಪರೀಕ್ಷೆಯಿಂದ ಅದು ಗೊತ್ತಾಗುವುದಿಲ್ಲ. ಪ್ರೋಟೀನ್ ತಡೆದಾಗ ನೆನಪು ಉಳಿಯಲಿಲ್ಲ ಎಂಬ ಸಾಲುಸಾಲು ಪ್ರಯೋಗಗಳ ಫಲಿತಾಂಶ ಸರಿಯೇ. ಅದರ ಕಾರಣವೆಂದು ನಾವು ಹೇಳಿಕೊಂಡು ಬಂದದ್ದು ಮಾತ್ರ ಏಕೈಕ ಕಾರಣವಾಗಿ ಉಳಿಯಲಿಲ್ಲ.

ಎದುರುವಾದಕ್ಕೂ ತೂಕವಿದೆ, ಅದನ್ನು ಮುಚ್ಚಿಡಬಾರದು. 1988ರಲ್ಲಿ ಊವೆ ಫ್ರೇ ಮತ್ತು ಸಂಗಡಿಗರು ಹಿಪ್ಪೊಕ್ಯಾಂಪಸ್‌ನ ತೆಳು ಹೋಳುಗಳನ್ನು ದ್ರವದಲ್ಲಿ ಜೀವಂತವಾಗಿಟ್ಟು ಅನಿಸೊಮೈಸಿನ್ ಹಾಕಿದಾಗ, ಕೋಶಗಳ ನಡುವಿನ ಸಂಪರ್ಕ ಬಲಗೊಳ್ಳುವ ಪ್ರಕ್ರಿಯೆಯ ಮೊದಲ ಹಂತ ಹಾಗೆಯೇ ನಡೆಯಿತು. ಗಂಟೆಗಳ ನಂತರದ ಹಂತ ಮಾತ್ರ ಕೈಕೊಟ್ಟಿತು. ಹೋಳು ಪೂರ್ತಿ ಮೌನವಾಗಿದ್ದರೆ ಹೀಗಾಗಲು ಸಾಧ್ಯವಿರಲಿಲ್ಲ. ಹೋಳಿನಲ್ಲಿ ಕಂಡದ್ದಕ್ಕೂ ಜೀವಂತ ಮೆದುಳಿನಲ್ಲಿ ಕಂಡದ್ದಕ್ಕೂ ಹೊಂದಿಕೆಯಾಗದೆ ಇರುವುದೇ ಈ ವಾದ ಇಷ್ಟು ಕಾಲ ಬೆಳೆಯಲು ಕಾರಣ. ಮದ್ದು ಇಡೀ ಪ್ರದೇಶದ ಎಲ್ಲ ಬಗೆಯ ಕೋಶಗಳನ್ನೂ ಒಂದೇ ಏಟಿಗೆ ಹೊಡೆಯುತ್ತದೆ. ಅಂಥ ಒರಟು ಸಾಧನದಿಂದ ಈ ಗಂಟನ್ನು ಬಿಡಿಸಲಾಗದು.

ಹಾಗಾಗಿ ಸೂಕ್ಷ್ಮವಾದ ಸಾಧನಗಳು ಬೇಕಾದವು. 2020ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಎರಿಕ್ ಕ್ಲಾನ್ ಪ್ರಯೋಗಾಲಯದಲ್ಲಿ ಪ್ರೇರಣಾ ಶ್ರೇಷ್ಠ ಮತ್ತು ಸಂಗಡಿಗರು, ಆಯ್ದ ಬಗೆಯ ನರಕೋಶಗಳಲ್ಲಿ ಮಾತ್ರ, ಬೇಕೆಂದಾಗ ಮಾತ್ರ ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುವ ತಳಿವಿಜ್ಞಾನದ ತಂತ್ರವನ್ನು ಪ್ರಕಟಿಸಿದರು. ಅಮಿಗ್ಡಲಾದ ಆಯ್ದ ಕೋಶಗಳಲ್ಲಿ ಕಲಿಕೆಯ ಬೆನ್ನಿಗೇ ತಯಾರಿಕೆ ನಿಲ್ಲಿಸಿದಾಗ ಅಲ್ಪಕಾಲದ ನೆನಪು ಹಾಗೆಯೇ ಇದ್ದು ದೀರ್ಘಕಾಲದ್ದು ಹೋಯಿತು. ಅಂದರೆ ಹಳೆಯ ಮೂಲ ಹೇಳಿಕೆ ಉಳಿಯಿತು. ಅದೇ ಗುಂಪಿನ ಮತ್ತೊಂದು ಅಧ್ಯಯನ ಇನ್ನೂ ಕುತೂಹಲದ್ದು: ಇತರ ಕೋಶಗಳನ್ನು ಹತ್ತಿಕ್ಕುವ ಕೆಲಸ ಮಾಡುವ ನರಕೋಶಗಳಲ್ಲಿಯೂ ಹೊಸ ಪ್ರೋಟೀನ್ ಬೇಕು, ಯಾವ ಬಗೆಯ ಕೋಶ ಎಂಬುದರ ಮೇಲೆ ಅದು ಬೇರೆ ಬೇರೆ ನೆನಪಿಗೆ ಕೆಲಸಕ್ಕೆ ಬರುತ್ತದೆ. ನೆನಪಿಗೆ ಪ್ರೋಟೀನ್ ಬೇಕು ಎಂದಾಗ ಯಾವ ಕೋಶದಲ್ಲಿ, ಯಾವ ಜಾಲದಲ್ಲಿ ಎಂದು ಕೇಳಲೇಬೇಕಾದ ಕಾಲ ಬಂದಿದೆ.

ತಯಾರಿಕೆ ನಡೆಯುವುದೆಲ್ಲಿ?

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದಕ್ಕೂ ಸಾವಿರಾರು ಸಂಪರ್ಕಬಿಂದುಗಳು, ಅಂದರೆ ಸಿನಾಪ್ಸ್‌ಗಳು. ಪ್ರೋಟೀನ್ ತಯಾರಾಗುವುದು ಕೋಶದ ಮಧ್ಯಭಾಗದಲ್ಲಿ ಮಾತ್ರ ಎಂದು ಬಹುಕಾಲ ನಂಬಲಾಗಿತ್ತು. ಹಾಗಿದ್ದರೆ ಸಾವಿರಾರು ಸಿನಾಪ್ಸ್‌ಗಳಲ್ಲಿ ಈಗಷ್ಟೇ ಬಳಕೆಯಾದ ಒಂದಕ್ಕೆ ಮಾತ್ರ ಹೊಸ ಪ್ರೋಟೀನ್ ತಲುಪುವುದು ಹೇಗೆ?

1982ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಓಸ್ವಾಲ್ಡ್ ಸ್ಟೀವರ್ಡ್ ಮತ್ತು ವಿಲಿಯಂ ಲೆವಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಡೆಂಡ್ರೈಟ್‌ಗಳನ್ನು, ಅಂದರೆ ಸಂದೇಶ ಹೀರಿಕೊಳ್ಳುವ ಕವಲುಗಳನ್ನು ನೋಡುತ್ತಿದ್ದರು. ಸಿನಾಪ್ಸ್ ಇರುವ ಪುಟ್ಟ ಮುಳ್ಳುಗಳ ಬುಡದಲ್ಲಿಯೇ ರೈಬೋಸೋಮ್‌ಗಳ ಗೊಂಚಲುಗಳು ಕಂಡವು. ತಯಾರಿಕೆಯ ಯಂತ್ರ ಸಿನಾಪ್ಸ್‌ನ ಹೊಸ್ತಿಲಲ್ಲೇ ಇತ್ತು. 1996ರಲ್ಲಿ ಹೇಜಿನ್ ಕಾಂಗ್ ಮತ್ತು ಎರಿನ್ ಶೂಮನ್ ಒಂದು ಅಚ್ಚುಕಟ್ಟಾದ ಪ್ರಯೋಗ ಮಾಡಿದರು. ಬಿಡಿಎನ್‌ಎಫ್ ಎಂಬ ಬೆಳವಣಿಗೆಯ ಅಂಶ ಸಿನಾಪ್ಸ್‌ಗಳನ್ನು ಬಲಪಡಿಸುತ್ತದೆಂದು ಗೊತ್ತಿತ್ತು. ಅವರು ಸಿನಾಪ್ಸ್ ಇರುವ ಪದರವನ್ನು ಕೋಶದೇಹದಿಂದ ಚಾಕುವಿನಿಂದ ಬೇರ್ಪಡಿಸಿದರು. ಆಗಲೂ ಆ ಬಲವರ್ಧನೆ ನಡೆಯಿತು, ಮತ್ತು ಅದಕ್ಕೆ ಹೊಸ ಪ್ರೋಟೀನ್ ಬೇಕಾಯಿತು. ಕೋಶದ ಮಧ್ಯದಿಂದ ಏನೂ ಬರುವಂತಿರಲಿಲ್ಲ, ತಯಾರಿಕೆ ಅಲ್ಲೇ ಆಗಿತ್ತು.

ಇದು ಅಪರೂಪದ ಏರ್ಪಾಟೇನೂ ಅಲ್ಲ. 2012ರಲ್ಲಿ ಶೂಮನ್ ತಂಡ ಇಲಿಯ ಹಿಪ್ಪೊಕ್ಯಾಂಪಸ್‌ನಲ್ಲಿ ಕೋಶದೇಹಗಳಿಂದ ದೂರದ ಕವಲುಗಳ ಪದರದಲ್ಲಿ 2,500ಕ್ಕೂ ಹೆಚ್ಚು ಬಗೆಯ ಎಂಆರ್‌ಎನ್‌ಎಗಳನ್ನು ಪತ್ತೆಹಚ್ಚಿತು. ಎಂಆರ್‌ಎನ್‌ಎ ಎಂದರೆ ಪ್ರೋಟೀನ್ ತಯಾರಿಸಲು ಬೇಕಾದ ಸೂಚನೆಯ ಪ್ರತಿ. 2019ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಅದೇ ತಂಡ ಸಂದೇಶ ಕಳಿಸುವ ಕಡೆಯೂ, ಪಡೆಯುವ ಕಡೆಯೂ ತಯಾರಿಕೆ ಸಾಮಾನ್ಯವೆಂದು ತೋರಿಸಿತು. ಇಂಥ ಅಧ್ಯಯನಗಳಲ್ಲಿ ಹೊಸದಾಗಿ ತಯಾರಾದ ಪ್ರೋಟೀನಿಗೆ ಗುರುತು ಹಾಕಲು ಬಳಸುವ ಸಾಧನಗಳಲ್ಲಿ ಒಂದು ಪ್ಯೂರೊಮೈಸಿನ್! ಅತಿ ಸಣ್ಣ ಪ್ರಮಾಣದಲ್ಲಿ ಕೊಟ್ಟರೆ ಅದು ತಯಾರಾಗುತ್ತಿರುವ ಸರಪಳಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಅದನ್ನು ಹುಡುಕಿದರೆ ಎಲ್ಲೆಲ್ಲಿ ತಯಾರಿಕೆ ನಡೆಯುತ್ತಿತ್ತೆಂದು ಗೊತ್ತಾಗುತ್ತದೆ. ಗೋಲ್ಡ್‌ಫಿಶ್‌ನ ನೆನಪು ಅಳಿಸಿದ ಮದ್ದು ಈಗ ನೆನಪಿನ ಕಾರ್ಖಾನೆಗಳ ನಕ್ಷೆ ಬಿಡಿಸಿಕೊಡುತ್ತಿದೆ. ವಿಜ್ಞಾನದ ಇಂಥ ತಿರುವುಗಳು ನನಗೆ ಬಹಳ ಇಷ್ಟ.

ಮೌನಕ್ಕೂ ಪ್ರೋಟೀನ್ ಬೇಕು

ಸಂದೇಶ ಬಂದಾಗ ನಡೆಯುವ ಸರಣಿಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಗ್ಲುಟಮೇಟ್ ಎಂಬ ಸಂದೇಶ ರಾಸಾಯನಿಕವನ್ನು ಹಿಡಿಯುವ ಗ್ರಾಹಕಗಳು ತೆರೆದುಕೊಂಡು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಕೆಲವು ಕಿಣ್ವಗಳು ಎಚ್ಚರಗೊಂಡು ಅಲ್ಲಿನ ರೈಬೋಸೋಮ್‌ಗಳಿಗೆ ಚಾಲನೆ ಕೊಡುತ್ತವೆ. ಇನ್ನು ಕೆಲವು ಸಂಕೇತಗಳು ಕೋಶಕೇಂದ್ರಕ್ಕೆ ಹೋಗಿ ಆರ್ಕ್‌ನಂಥ ಜೀನ್‌ಗಳನ್ನು ಎಬ್ಬಿಸುತ್ತವೆ. ಆರ್ಕ್‌ನ ಎಂಆರ್‌ಎನ್‌ಎ ಡೆಂಡ್ರೈಟ್‌ನಲ್ಲಿ ಸಾಗಿ ಚಟುವಟಿಕೆ ನಡೆದ ಜಾಗದಲ್ಲೇ ನೆಲೆಯಾಗುತ್ತದೆ. 1997ರಲ್ಲಿ ಊವೆ ಫ್ರೇ ಮತ್ತು ರಿಚರ್ಡ್ ಮಾರಿಸ್, ಬಳಕೆಯಾದ ಸಿನಾಪ್ಸ್ ಒಂದು ತಾತ್ಕಾಲಿಕ ಗುರುತು ಇಟ್ಟುಕೊಳ್ಳುತ್ತದೆ, ಕೋಶದಲ್ಲಿ ಬೇರೆ ಕಾರಣಕ್ಕೆ ತಯಾರಾದ ಪ್ರೋಟೀನನ್ನೂ ಹಿಡಿದುಕೊಳ್ಳಬಲ್ಲದು ಎಂದು ತೋರಿಸಿದರು.

ಇಲ್ಲಿಯವರೆಗೆ ಎಲ್ಲ ಚಟುವಟಿಕೆಯಿಂದ ಪ್ರೋಟೀನಿಗೆ ಹೋಗುವ ದಾರಿಯೇ. ಇನ್ನು ಹಿಮ್ಮುಖ ದಾರಿ. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇಲ್ಲಿದೆ.

1998ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜೀನಾ ಟುರಿಜಿಯಾನೊ ತಂಡ ಇಲಿಯ ಮೆದುಳಿನ ಹೊರಪದರದ ನರಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಅವುಗಳ ಸಂಕೇತಗಳನ್ನು ಟೆಟ್ರೊಡೊಟಾಕ್ಸಿನ್ ಎಂಬ ವಿಷದಿಂದ ನಿಲ್ಲಿಸಿತು. ಎರಡು ದಿನ ಮೌನವಾಗಿಟ್ಟ ಮೇಲೆ ನೋಡಿದರೆ ಕೋಶಗಳು ತಮ್ಮ ಸಿನಾಪ್ಸ್‌ಗಳನ್ನು ಇನ್ನಷ್ಟು ಬಲಪಡಿಸಿಕೊಂಡಿದ್ದವು. ಕೇಳಿಸುವುದು ಕಡಿಮೆಯಾದಾಗ ಕಿವಿಯನ್ನು ಹೆಚ್ಚು ಚುರುಕುಗೊಳಿಸಿಕೊಂಡಿದ್ದವು. ತದ್ವಿರುದ್ಧವಾಗಿ ಹತ್ತಿಕ್ಕುವ ಸಂಕೇತಗಳನ್ನು ತಡೆದು ಜಾಲವನ್ನು ಉದ್ರೇಕಿಸಿದಾಗ ಕೋಶಗಳು ಮೊದಮೊದಲು ಅಬ್ಬರಿಸಿದವು. ಆದರೆ 48 ಗಂಟೆಯೊಳಗೆ ಅವುಗಳ ವೇಗ ಮತ್ತೆ ಹಳೆಯ ಮಟ್ಟಕ್ಕೆ ಇಳಿಯಿತು, ಸಿನಾಪ್ಸ್‌ಗಳು ದುರ್ಬಲಗೊಂಡಿದ್ದವು. ಪ್ರತಿಯೊಂದು ನರಕೋಶವೂ ತನ್ನ ಚಟುವಟಿಕೆಯ ಒಂದು ಹದವನ್ನು ಕಾಯ್ದುಕೊಳ್ಳಲು ನೋಡುತ್ತದೆ ಎಂಬುದು ಇದರ ಅರ್ಥ.

ಆ ಹದ ಕಾಯುವುದು ಹೇಗೆ? ಪ್ರೋಟೀನ್ ತಯಾರಿಕೆಯ ಮೂಲಕ. 2006ರಲ್ಲಿ ಮೈಕೆಲ್ ಸಟ್ಟನ್ ಮತ್ತು ಶೂಮನ್ ತಂಡ ಒಂದು ಹೆಜ್ಜೆ ಮುಂದೆ ಹೋಯಿತು. ಸಿನಾಪ್ಸ್‌ಗಳಲ್ಲಿ ದೊಡ್ಡ ಸಂದೇಶಗಳಿಲ್ಲದ ಹೊತ್ತಿನಲ್ಲೂ ಸಣ್ಣಸಣ್ಣ ಹನಿಗಳಂತೆ ರಾಸಾಯನಿಕ ಬಿಡುಗಡೆಯಾಗುತ್ತಲೇ ಇರುತ್ತದೆ. ಅದು ಅರ್ಥವಿಲ್ಲದ ಸದ್ದು ಎಂದು ಬಗೆದವರೇ ಹೆಚ್ಚು. ಈ ಸಣ್ಣ ಹನಿಗಳು ಸ್ಥಳೀಯ ಪ್ರೋಟೀನ್ ತಯಾರಿಕೆಯನ್ನು ಸದಾ ಅದುಮಿಟ್ಟಿರುತ್ತವೆ ಎಂದು ಸಟ್ಟನ್ ತೋರಿಸಿದರು. ಅವೂ ನಿಂತಾಗ ಅದುಮಿಟ್ಟ ಕೈ ತೆಗೆದಂತಾಗಿ ಡೆಂಡ್ರೈಟ್‌ನಲ್ಲಿ ತಯಾರಿಕೆ ಚುರುಕಾಗುತ್ತದೆ, ಸಿನಾಪ್ಸ್ ಬೇಗನೆ ಬಲಗೊಳ್ಳುತ್ತದೆ. ಅಂದರೆ ಚಟುವಟಿಕೆ ಹೆಚ್ಚಿದರೆ ಪ್ರೋಟೀನ್ ಹೆಚ್ಚು, ಕಡಿಮೆಯಾದರೆ ಕಡಿಮೆ ಎಂಬ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೌನ ಕೂಡ ತಯಾರಿಕೆಗೆ ಕರೆ ಕೊಡುತ್ತದೆ. ಮುಂದಿನ ವರ್ಷಗಳಲ್ಲಿ ಅದೇ ಪ್ರಯೋಗಾಲಯ ಹೊಸ ಪ್ರೋಟೀನುಗಳನ್ನು ಒಂದೊಂದಾಗಿ ಗುರುತಿಸಿದಾಗ, ಜಾಲವನ್ನು ಮೌನಗೊಳಿಸಿದರೂ ಉದ್ರೇಕಿಸಿದರೂ ನೂರಾರು ಪ್ರೋಟೀನುಗಳ ತಯಾರಿಕೆ ಬದಲಾಗುವುದು ಕಂಡಿತು.

ಆಲ್ಬರ್ಟಾದ ಇಲಿಗಳ ವಿಚಾರಕ್ಕೆ ಮರಳಿ. ಜೀವಂತ ಮೆದುಳಿನ ಪ್ರೋಟೀನುಗಳು ಶಾಶ್ವತವಲ್ಲ. ಸರಾಸರಿ ಕೆಲವು ದಿನಗಳ ಆಯುಷ್ಯ, ಕೆಲವಕ್ಕೆ ಗಂಟೆಗಳಷ್ಟೇ. 1984ರಲ್ಲಿ ಡಿಎನ್‌ಎ ರಚನೆ ಖ್ಯಾತಿಯ ಫ್ರಾನ್ಸಿಸ್ ಕ್ರಿಕ್ ಒಂದು ಚಿಕ್ಕ ಬರಹದಲ್ಲಿ, ಅಣುಗಳು ಹೀಗೆ ಬದಲಾಗುತ್ತಲೇ ಇರುವಾಗ ನೆನಪು ವರ್ಷಗಟ್ಟಲೆ ಉಳಿಯುವುದು ಹೇಗೆಂದು ಕೇಳಿದ್ದರು. ನೆನಪಿನ ಬಗ್ಗೆ ಕೇಳಿದ ಆ ಪ್ರಶ್ನೆಯನ್ನು ಈಗ ಜಾಲದ ಬಗ್ಗೆಯೂ ಕೇಳಬೇಕು. ಗ್ರಾಹಕಗಳು, ಅಯಾನು ಕಾಲುವೆಗಳು, ರಾಸಾಯನಿಕದ ಕೋಶಿಕೆಗಳನ್ನು ಬಿಡುಗಡೆ ಮಾಡುವ ಯಂತ್ರಾಂಗಗಳು ಎಲ್ಲವೂ ಪ್ರೋಟೀನುಗಳೇ. ಸವೆದದ್ದನ್ನು ತುಂಬದಿದ್ದರೆ ನೆನಪಿಗಿಂತ ಮೊದಲು ಸಂಭಾಷಣೆಯೇ ಕುಂಠಿತವಾಗುವುದರಲ್ಲಿ ಆಶ್ಚರ್ಯವಿಲ್ಲ. ಅನಿಸೊಮೈಸಿನ್ ಹಾಕಿದಾಗ ಅದು ಅಷ್ಟು ಬೇಗ ಯಾವ ಪ್ರೋಟೀನಿನ ಕೊರತೆಯಿಂದ ಆಯಿತು, ಅಥವಾ ಮದ್ದಿನ ಬೇರೆ ಅಡ್ಡಪರಿಣಾಮಗಳ ಪಾಲೆಷ್ಟು ಎಂಬುದೇ ಈಗ ಮುಂದಿರುವ ಪ್ರಶ್ನೆ.

ತಯಾರಿಕೆ ಅತಿಯಾದಾಗ

ಪ್ರಯೋಗಾಲಯದ ಈ ವಾದ ಮನೆಗಳೊಳಗೆ ಬರುವುದು ಫ್ರಾಜೈಲ್ ಎಕ್ಸ್ ಸಿಂಡ್ರೋಮ್‌ನಲ್ಲಿ. ಆನುವಂಶಿಕ ಬೌದ್ಧಿಕ ಅಸಾಮರ್ಥ್ಯಕ್ಕೆ ಮತ್ತು ಒಂದೇ ಜೀನ್‌ನಿಂದ ಬರುವ ಆಟಿಸಂಗೆ ಇದು ಮುಖ್ಯ ಕಾರಣ. ಎಕ್ಸ್ ವರ್ಣತಂತುವಿನ ಮೇಲೆ ಎಫ್‌ಎಂಆರ್1 ಎಂಬ ಜೀನ್ ಇದೆ, ಅದನ್ನು ಗುರುತಿಸಿದ್ದು 1991ರಲ್ಲಿ. ಅದರ ಒಂದು ತುದಿಯಲ್ಲಿ ಸಿಜಿಜಿ ಎಂಬ ಮೂರಕ್ಷರದ ತುಣುಕು ಮರುಕಳಿಸುತ್ತದೆ. ಸಾಮಾನ್ಯವಾಗಿ ಮೂವತ್ತರ ಆಸುಪಾಸು ಇರುವ ಈ ಪುನರಾವರ್ತನೆ ತಲೆಮಾರು ದಾಟುತ್ತಾ 200 ಮೀರಿದರೆ ಜೀನ್ ಮುಚ್ಚಿಹೋಗುತ್ತದೆ. ಎಕ್ಸ್ ಒಂದೇ ಇರುವ ಗಂಡುಮಕ್ಕಳಲ್ಲಿ ಪರಿಣಾಮ ತೀವ್ರ: ಮಾತು ತಡ, ಕಲಿಕೆ ಕಷ್ಟ, ಸದ್ದು ಮತ್ತು ಸ್ಪರ್ಶಕ್ಕೆ ಅತಿಯಾದ ಸಂವೇದನೆ, ಕೆಲವರಲ್ಲಿ ಫಿಟ್ಸ್.

ಆ ಜೀನ್ ತಯಾರಿಸಬೇಕಾದ ಎಫ್‌ಎಂಆರ್‌ಪಿ ಎಂಬ ಪ್ರೋಟೀನಿನ ಮುಖ್ಯ ಕೆಲಸವೇ ಸಿನಾಪ್ಸ್‌ಗಳಲ್ಲಿ ಇತರ ಪ್ರೋಟೀನುಗಳ ತಯಾರಿಕೆಗೆ ಬ್ರೇಕ್ ಹಾಕುವುದು. ಅದಿಲ್ಲದ ಇಲಿಗಳ ಮೆದುಳಿನಲ್ಲಿ ಪ್ರೋಟೀನ್ ತಯಾರಿಕೆ ಹೆಚ್ಚು. ಪ್ರೋಟೀನ್ ಹೆಚ್ಚಾದರೆ ನೆನಪು ಹೆಚ್ಚಾಗಬೇಕಲ್ಲವೇ? ಆಗುವುದು ಬೇರೆಯೇ. ಹೊರಪದರದ ಜಾಲಗಳು ಅತಿಯಾಗಿ ಉದ್ರೇಕಗೊಳ್ಳುತ್ತವೆ, ಕೋಶಗಳು ಬೇಕಾದ್ದಕ್ಕಿಂತ ಹೆಚ್ಚು ಒಟ್ಟೊಟ್ಟಿಗೆ ಮಿಡಿಯುತ್ತವೆ, ಗಟ್ಟಿ ಸದ್ದಿಗೆ ಇಲಿಗಳಿಗೆ ಫಿಟ್ಸ್ ಬರುತ್ತದೆ. ತಯಾರಿಕೆಯ ಹದ ತಪ್ಪಿದ್ದು ಜಾಲದ ಹದ ತಪ್ಪಿದ್ದಾಗಿ ಹೊರಗೆ ಕಾಣುತ್ತದೆ.

2004ರಲ್ಲಿ ಮಾರ್ಕ್ ಬೇರ್, ಕಿಂಬರ್ಲಿ ಹ್ಯೂಬರ್, ಸ್ಟೀಫನ್ ವಾರನ್ ಒಂದು ಆಶಾದಾಯಕ ಸಿದ್ಧಾಂತ ಮುಂದಿಟ್ಟರು: ಎಂಗ್ಲುಆರ್5 ಎಂಬ ಗ್ರಾಹಕ ತಯಾರಿಕೆಗೆ ಚಾಲನೆ ಕೊಡುತ್ತದೆ, ಎಫ್‌ಎಂಆರ್‌ಪಿ ಬ್ರೇಕ್ ಹಾಕುತ್ತದೆ. ಬ್ರೇಕ್ ಇಲ್ಲದಿದ್ದರೆ ಚಾಲನೆಯನ್ನೇ ತಗ್ಗಿಸೋಣ. 2007ರಲ್ಲಿ ಇಲಿಗಳಲ್ಲಿ ಈ ಗ್ರಾಹಕವನ್ನು ಅರ್ಧಕ್ಕಿಳಿಸಿದಾಗ ಹಲವು ಲಕ್ಷಣಗಳು ಸರಿಹೋದವು. ದೊಡ್ಡ ಔಷಧ ಕಂಪನಿಗಳು ಕೈಹಾಕಿದವು. ಆದರೆ ನೊವಾರ್ಟಿಸ್‌ನ ಮಾವೊಗ್ಲುರಾಂಟ್ ಮತ್ತು ರೋಶ್‌ನ ಬಾಸಿಂಗ್ಲುರಾಂಟ್ ಮನುಷ್ಯರ ಪ್ರಯೋಗಗಳಲ್ಲಿ ನಿರೀಕ್ಷಿತ ಗುರಿ ಮುಟ್ಟಲಿಲ್ಲ. 2014ರ ಹೊತ್ತಿಗೆ ಎರಡೂ ನಿಂತವು. ವರ್ಷಗಳಿಂದ ಕಾಯುತ್ತಿದ್ದ ಕುಟುಂಬಗಳಿಗೆ ಅದೊಂದು ದೊಡ್ಡ ಆಘಾತ.

ಯಾಕೆ ಸೋತವು? ಹದಿಹರೆಯದವರಲ್ಲಿ ಮತ್ತು ವಯಸ್ಕರಲ್ಲಿ ಪರೀಕ್ಷಿಸಿದ್ದು, ಹೆತ್ತವರು ತುಂಬುವ ನಡವಳಿಕೆಯ ಪ್ರಶ್ನಾವಳಿಯನ್ನು ಅಳತೆಗೋಲಾಗಿ ನೆಚ್ಚಿದ್ದು ಎಂದು ಹಲವು ಕಾರಣಗಳನ್ನು ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಬೇರೆ: ಹದ ತಪ್ಪಿದ ಪ್ರೋಟೀನ್ ತಯಾರಿಕೆ ಮೆದುಳಿನ ಎಲ್ಲ ಕಡೆಯೂ ಒಂದೇ ರೀತಿ ಜಾಲವನ್ನು ಕೆಡಿಸುತ್ತದೆ ಎಂಬ ನಂಬಿಕೆ. ಅದು ತಪ್ಪೆಂದು ತೋರಿಸಿದ ಸಂಶೋಧನೆಗಳಲ್ಲಿ ಒಂದು ಬೆಂಗಳೂರಿನದು. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಸುಮಂತ್ರ ಚಟ್ಟರ್ಜಿ ಅವರ ತಂಡ ನ್ಯೂಯಾರ್ಕ್‌ನ ಸಂಶೋಧಕರೊಂದಿಗೆ 2010ರಲ್ಲಿ ಫ್ರಾಜೈಲ್ ಎಕ್ಸ್ ಇಲಿಗಳ ಅಮಿಗ್ಡಲಾವನ್ನು ನೋಡಿತು. ಹಿಪ್ಪೊಕ್ಯಾಂಪಸ್‌ನಲ್ಲಿ ಕಂಡಿದ್ದ ತೊಂದರೆ ಸಿನಾಪ್ಸ್‌ಗಳನ್ನು ದುರ್ಬಲಗೊಳಿಸುವ ಪ್ರಕ್ರಿಯೆ ಅತಿಯಾದದ್ದು. ಅಮಿಗ್ಡಲಾದಲ್ಲಿ ಕಂಡದ್ದು ಬಲಪಡಿಸುವ ಪ್ರಕ್ರಿಯೆಯೇ ಕುಂದಿರುವುದು, ಸಂದೇಶ ಕಳಿಸುವ ಕಡೆಯಲ್ಲೇ ಬಿಡುಗಡೆ ಕಡಿಮೆಯಾಗಿರುವುದು. ಕೊರತೆ ಒಂದೇ, ಆದರೆ ಎರಡು ಜಾಲಗಳಲ್ಲಿ ಎರಡು ಬಗೆಯ ಫಲ. ಎಂಗ್ಲುಆರ್5 ತಡೆಯುವ ಮದ್ದು ಅಮಿಗ್ಡಲಾದ ಕೆಲವು ದೋಷಗಳನ್ನು ಸರಿಪಡಿಸಿತು, ಎಲ್ಲವನ್ನೂ ಅಲ್ಲ.

ಬೆಂಗಳೂರಿನಲ್ಲೇ ಇನ್‌ಸ್ಟೆಮ್ ಎಂಬ ಸಂಶೋಧನಾ ಸಂಸ್ಥೆಯಲ್ಲಿ, ನಂತರ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನಲ್ಲಿ ರವಿ ಮುದ್ದಶೆಟ್ಟಿ ಅವರು ಎಫ್‌ಎಂಆರ್‌ಪಿ ಮತ್ತು ಸಿನಾಪ್ಸ್‌ಗಳಲ್ಲಿನ ಪ್ರೋಟೀನ್ ತಯಾರಿಕೆಯ ಬಗ್ಗೆಯೇ ದೀರ್ಘಕಾಲ ಕೆಲಸ ಮಾಡಿದ್ದಾರೆ. ಬಂದ ಸಂಕೇತ ಯಾವ ಗ್ರಾಹಕದ ಮೂಲಕ ಬಂತು ಎಂಬುದರ ಮೇಲೆ ಎಫ್‌ಎಂಆರ್‌ಪಿ ಬ್ರೇಕನ್ನು ಸಡಿಲಿಸುವುದೋ ಬಿಗಿಗೊಳಿಸುವುದೋ ಎಂಬ ಸೂಕ್ಷ್ಮವನ್ನು ಇಂಥ ಸಂಶೋಧನೆಗಳು ಬಿಡಿಸಿಡುತ್ತಿವೆ. ಈ ವಿಷಯದ ಜಾಗತಿಕ ಚರ್ಚೆಯಲ್ಲಿ ನಮ್ಮೂರಿನ ಪ್ರಯೋಗಾಲಯಗಳ ಮಾತಿಗೆ ಬೆಲೆಯಿದೆ ಎಂಬುದು ಕನ್ನಡದಲ್ಲಿ ಇನ್ನಷ್ಟು ಜನರಿಗೆ ಗೊತ್ತಾಗಬೇಕು.

ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಯದು ತುಸು ಸಮಾಧಾನದ ಕಥೆ. ಅಲ್ಲೂ ಎಂಟಾರ್ ಎಂಬ ಕಿಣ್ವದ ಮೇಲಿನ ಹಿಡಿತ ತಪ್ಪಿ ಪ್ರೋಟೀನ್ ತಯಾರಿಕೆ ಹತೋಟಿ ಮೀರುತ್ತದೆ, ಮಕ್ಕಳಿಗೆ ಮದ್ದಿಗೆ ಬಗ್ಗದ ಫಿಟ್ಸ್ ಬರುತ್ತದೆ. ಎಂಟಾರ್ ತಗ್ಗಿಸುವ ಎವೆರೊಲಿಮಸ್ ಈ ಫಿಟ್ಸ್‌ಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದರ ಮೂಲರೂಪ ರಾಪಾಮೈಸಿನ್. ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ಅದನ್ನು ಕೆನಡಾದಲ್ಲಿ ಬೇರ್ಪಡಿಸಿ ಜಗತ್ತಿಗೆ ಪರಿಚಯಿಸಿದ್ದು ಭಾರತ ಮೂಲದ ಸುರೇಂದ್ರನಾಥ ಸೆಹಗಲ್ ಅವರ ತಂಡ. ತಯಾರಿಕೆಯ ಹಿಡಿ ತಿರುಗಿಸಿದರೆ ಜಾಲದ ಅಬ್ಬರ ಇಳಿಯುತ್ತದೆ ಎಂಬುದಕ್ಕೆ ಮನುಷ್ಯರಲ್ಲೇ ಸಿಕ್ಕಿರುವ ಒಳ್ಳೆಯ ಪುರಾವೆ ಇದು.

ತಯಾರಿಕೆ ನಿಂತಾಗ

ಇನ್ನೊಂದು ತುದಿಯಲ್ಲಿ ನರಕೋಶ ಸಾಯುವ ಕಾಯಿಲೆಗಳಿವೆ. ತಪ್ಪಾಗಿ ಮಡಚಿದ ಪ್ರೋಟೀನುಗಳು ಕೋಶದಲ್ಲಿ ತುಂಬಿಕೊಂಡಾಗ ಕೋಶ ಎಚ್ಚರಿಕೆಯ ಕ್ರಮವಾಗಿ ಹೊಸ ತಯಾರಿಕೆಯನ್ನು ತಗ್ಗಿಸುತ್ತದೆ. ಸ್ವಲ್ಪ ಹೊತ್ತಿಗೆ ಇದು ರಕ್ಷಣೆ, ವಾರಗಟ್ಟಲೆ ನಡೆದರೆ ಅಪಾಯ. 2012ರಲ್ಲಿ ಬ್ರಿಟನ್ನಿನ ಜೊವಾನ್ನಾ ಮಲುಚ್ಚಿ ತಂಡ ಇಂಥ ತಪ್ಪು ಮಡಿಕೆಯ ಪ್ರೋಟೀನಿನಿಂದ ಬರುವ ಪ್ರಿಯಾನ್ ಕಾಯಿಲೆಯ ಇಲಿಗಳಲ್ಲಿ ಇದನ್ನು ಹಂತಹಂತವಾಗಿ ತೋರಿಸಿತು: ಮೊದಲು ತಯಾರಿಕೆ ಕುಸಿಯಿತು, ಸಿನಾಪ್ಸ್‌ನ ಪ್ರೋಟೀನುಗಳು ಇಳಿದವು, ಸಂದೇಶ ದುರ್ಬಲವಾಯಿತು, ಕೊನೆಗೆ ಕೋಶಗಳು ಸತ್ತವು. ತಡೆಯನ್ನು ತೆಗೆದಾಗ ಇಲಿಗಳು ಹೆಚ್ಚು ದಿನ ಬದುಕಿದವು. ಈ ಕ್ರಮವನ್ನು ಗಮನಿಸಬೇಕು. ಕೋಶ ಸಾಯುವ ಮೊದಲೇ ಜಾಲ ಮಾತು ನಿಲ್ಲಿಸುತ್ತದೆ.

2013ರಲ್ಲಿ ಪೀಟರ್ ವಾಲ್ಟರ್ ಪ್ರಯೋಗಾಲಯದಿಂದ ಬಂದ ಇಸ್ರಿಬ್ ಎಂಬ ಅಣು ಇದೇ ತಡೆಯನ್ನು ಸಡಿಲಿಸಿ ಇಲಿಗಳ ನೆನಪನ್ನು ಉತ್ತಮಪಡಿಸಿತು. ಮುಂದೆ ತಲೆಗೆ ಪೆಟ್ಟಾದ ಇಲಿಗಳಲ್ಲೂ, ಮುದಿ ಇಲಿಗಳಲ್ಲೂ ಪ್ರಯೋಜನ ಕಂಡಿತು. ನಿದ್ದೆಗೂ ಈ ಕಥೆಯಲ್ಲಿ ಪಾಲಿದೆ. ಐದು ಗಂಟೆ ನಿದ್ದೆ ಕೆಡಿಸಿದ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಪ್ರೋಟೀನ್ ತಯಾರಿಕೆ ಇಳಿಯುತ್ತದೆ, ಅದನ್ನು ಸರಿಪಡಿಸಿದರೆ ನೆನಪಿನ ದೋಷವೂ ಹೋಗುತ್ತದೆ ಎಂದು 2016ರಲ್ಲಿ ಟೆಡ್ ಏಬಲ್ ತಂಡ ವರದಿ ಮಾಡಿತು. ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಎದ್ದು ಓದುವ ಮಕ್ಕಳ ತಂದೆತಾಯಿಗಳು ಇದನ್ನು ಗಮನಿಸಿದರೆ ಒಳ್ಳೆಯದು.

ತಂದೆತಾಯಿಗಳ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಲೇಬೇಕು. ಮೆದುಳಿಗೆ ಪ್ರೋಟೀನ್ ಎಂದೊಡನೆ ಔಷಧ ಅಂಗಡಿಯ ಡಬ್ಬಿಗಳ ಕಡೆ ಕೈಹೋಗುತ್ತದೆ. ತಿಂದ ಪ್ರೋಟೀನ್ ಹೊಟ್ಟೆಯಲ್ಲಿ ಅಮೈನೊ ಆಮ್ಲಗಳಾಗಿ ಒಡೆಯುತ್ತದೆ. ಅವು ರಕ್ತದಿಂದ ಮೆದುಳಿಗೆ ಹೋಗುವುದೂ ಹತೋಟಿಯಲ್ಲೇ. ಯಾವ ಸಿನಾಪ್ಸ್‌ನಲ್ಲಿ, ಯಾವ ಕ್ಷಣದಲ್ಲಿ, ಯಾವ ಪ್ರೋಟೀನ್ ತಯಾರಾಗಬೇಕೆಂದು ತೀರ್ಮಾನಿಸುವುದು ಜಾಲದ ಚಟುವಟಿಕೆಯೇ ಹೊರತು ಲೋಟದಲ್ಲಿ ಕಲಸಿದ ಪುಡಿಯಲ್ಲ. ಚೆನ್ನಾಗಿ ಉಂಡು ಬೆಳೆಯುತ್ತಿರುವ ಮಗುವಿನ ಜಾಣತನವನ್ನು ಅದು ಹೆಚ್ಚಿಸುತ್ತದೆ ಎಂದು ಹೇಳುವುದಕ್ಕೆ ಈ ವಿಜ್ಞಾನದಲ್ಲಿ ಆಧಾರವಿಲ್ಲ. ಅಪೌಷ್ಟಿಕತೆಯ ಪ್ರಶ್ನೆ ಬೇರೆ, ಅದು ಗಂಭೀರ. ಎಳವೆಯಲ್ಲಿ ಆಹಾರ ಸಾಲದ ಮಗುವಿನ ಮೆದುಳಿನ ಬೆಳವಣಿಗೆಯೇ ಕುಂಠಿತವಾಗುತ್ತದೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಕೊಡುವ ಮೊಟ್ಟೆಯನ್ನು ನಾನು ಮನಸಾರೆ ಬೆಂಬಲಿಸುವುದು ಅದಕ್ಕೇ.

ಮುಂದಿನ ಚಿಕಿತ್ಸೆಗಳು ಎರಡನ್ನೂ ಒಟ್ಟಿಗೆ ಅಳೆಯಬೇಕು ಎಂಬುದು ನನ್ನ ಒತ್ತಾಯ. ಮನುಷ್ಯರ ಮೆದುಳಿನಲ್ಲಿ ಪ್ರೋಟೀನ್ ತಯಾರಿಕೆಯ ವೇಗವನ್ನು ಗುರುತುಹಾಕಿದ ಲ್ಯೂಸಿನ್ ಎಂಬ ಅಮೈನೊ ಆಮ್ಲ ಬಳಸಿ ಪೆಟ್ ಸ್ಕ್ಯಾನ್‌ನಲ್ಲಿ ಅಳೆಯಬಹುದು. ಅಮೆರಿಕದಲ್ಲಿ ಫ್ರಾಜೈಲ್ ಎಕ್ಸ್ ಇರುವವರಲ್ಲಿ ಹೀಗೆ ಅಳೆದಾಗ ಇಲಿಗಳಲ್ಲಿ ಕಂಡಂಥ ಸ್ಪಷ್ಟ ಏರಿಕೆ ಕಾಣಲಿಲ್ಲ. ಇಲಿಯ ಲೆಕ್ಕವನ್ನು ಮಗುವಿಗೆ ಹಾಗೆಯೇ ಹಚ್ಚಬಾರದು ಎಂಬುದಕ್ಕೆ ಇದೇ ಸಾಕು. ಇನ್ನೊಂದು ಕಡೆ ಇಇಜಿಯಲ್ಲಿ ಅವರ ಮೆದುಳಿನ ವೇಗದ ಅಲೆಗಳು ಹೆಚ್ಚಾಗಿರುವುದು ಚೆನ್ನಾಗಿ ದಾಖಲಾಗಿದೆ. ನೆತ್ತಿಗೆ ಟೋಪಿ ಹಾಕಿ ಕೂರಿಸಿದರೆ ಸಾಕಾಗುವ, ಜಿಲ್ಲಾ ಕೇಂದ್ರಗಳಲ್ಲೂ ಸಿಗುವಂಥ ಪರೀಕ್ಷೆ ಅದು. ಔಷಧ ಜಾಲವನ್ನು ಮುಟ್ಟಿತೇ ಎಂದು ವಾರಗಳಲ್ಲೇ ತಿಳಿಯಬಹುದಾದಾಗ ಪ್ರಶ್ನಾವಳಿಯನ್ನಷ್ಟೇ ನೆಚ್ಚಿ ಕೂರುವುದು ಸರಿಯಲ್ಲ. ಝಾಟೊಲ್ಮಿಲಾಸ್ಟ್ ಎಂಬ ಔಷಧದ ಮೇಲೆ ಫ್ರಾಜೈಲ್ ಎಕ್ಸ್ ಇರುವ 30 ವಯಸ್ಕ ಗಂಡಸರಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗ, ಭಾಷೆ ಮತ್ತು ಅರಿವಿನ ಸಾಮರ್ಥ್ಯವನ್ನು ನೇರವಾಗಿ ಪರೀಕ್ಷಿಸಿ ಸುಧಾರಣೆ ಕಂಡಿತು. ಅಳತೆಗೋಲು ಬದಲಾದದ್ದೂ ಅದರಲ್ಲಿ ಒಂದು ಮುಖ್ಯ ಅಂಶ.

ಮತ್ತೆ ಸಮಯದ ಪ್ರಶ್ನೆ. 2019ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದ ತಂಡ, ಚಟ್ಟರ್ಜಿ ಅವರೂ ಸಹಲೇಖಕರಾಗಿದ್ದ ಒಂದು ಅಧ್ಯಯನದಲ್ಲಿ, ಫ್ರಾಜೈಲ್ ಎಕ್ಸ್ ಇಲಿಗಳಿಗೆ ಎಳೆಯ ವಯಸ್ಸಿನಲ್ಲಿ ಕೆಲವೇ ವಾರ ಲೊವಾಸ್ಟಾಟಿನ್ ಕೊಟ್ಟಿತು. ಇದು ಕೊಲೆಸ್ಟರಾಲ್‌ಗೆ ಕೊಡುವ ಮಾಮೂಲಿ ಮಾತ್ರೆ, ಪ್ರೋಟೀನ್ ತಯಾರಿಕೆಯನ್ನೂ ತಗ್ಗಿಸುತ್ತದೆ. ಔಷಧ ನಿಲ್ಲಿಸಿ ತಿಂಗಳುಗಳಾದ ಮೇಲೂ ಆ ಇಲಿಗಳ ಕಲಿಕೆ ಸರಿಯಾಗಿಯೇ ಇತ್ತು. ಜಾಲ ಕಟ್ಟಿಕೊಳ್ಳುತ್ತಿರುವ ಹೊತ್ತಿನಲ್ಲಿ ತಯಾರಿಕೆಯ ಹದ ಸಿಕ್ಕರೆ ಮುಂದೆ ಜಾಲವೇ ಅದನ್ನು ಕಾಯ್ದುಕೊಳ್ಳಬಲ್ಲದು ಎಂಬ ಸುಳಿವು ಇಲ್ಲಿದೆ. ಮಕ್ಕಳಲ್ಲಿ ಇದು ನಿಜವಾಗಬೇಕಾದರೆ ಮೊದಲು ಮಗುವಿಗೆ ಏನಾಗಿದೆ ಎಂದು ಬೇಗ ತಿಳಿಯಬೇಕು. ಫ್ರಾಜೈಲ್ ಎಕ್ಸ್‌ಗೆ ಒಂದು ರಕ್ತದ ಮಾದರಿಯಿಂದ ಮಾಡುವ ಜೀನ್ ಪರೀಕ್ಷೆ ಭಾರತದಲ್ಲೂ ಇದೆ. ಮೂರು ವರ್ಷವಾದರೂ ಮಾತು ಬಾರದ ಮಗುವನ್ನು ಕರೆತಂದವರಿಗೆ "ಗಂಡುಮಕ್ಕಳು ತಡವಾಗಿಯೇ ಮಾತಾಡೋದು, ಕಾಯಿರಿ" ಎಂದು ಹೇಳಿ ಕಳಿಸುವ ಬದಲು ಆ ಪರೀಕ್ಷೆ ಬರೆದುಕೊಡುವ ರೂಢಿ ನಮ್ಮ ಮಕ್ಕಳ ವೈದ್ಯರಲ್ಲಿ ಬರಬೇಕು. 200 ಮೀರಿದ ಪುನರಾವರ್ತನೆ ಪತ್ತೆಯಾದರೆ ತಾಯಿಯ ಮತ್ತು ಒಡಹುಟ್ಟಿದವರ ಪರೀಕ್ಷೆಯೂ ಅದರ ಜೊತೆಗೇ ಆಗಬೇಕು.